ಮೂತಿ ಉದ್ದ, ಕಾಲರ್ ಗಿಡ್ಡ: ಹಿಂಗಾಲಿನ ಹೊಲಿಗೆ ಕಾಯಲು ಸರಿಯಾದ ಕೋನ್ ಆರಿಸಿದ ಒಂದು ಪ್ರಕರಣ

ಐದು ವರ್ಷದ ಗಂಡು ನಾಯಿ. ಉದ್ದ ಮೂತಿಯ, ಸಪೂರ ಮೈಯ ಗ್ರೇಹೌಂಡ್ ಮಿಶ್ರತಳಿ, ತೂಕ 27 ಕಿಲೋ. ಎಡ ಹಿಂಗಾಲಿನ ಹೊರಮೈಯಲ್ಲಿ, ಮಂಡಿಗಿಂತ ಮೂರು ಬೆರಳು ಕೆಳಗೆ ಗೋಲಿ ಗಾತ್ರದ ಗಂಟೊಂದು ಬೆಳೆದಿತ್ತು. ಅದನ್ನು ಸುತ್ತಲಿನ ಒಂದಿಷ್ಟು ಚರ್ಮದ ಸಮೇತ ತೆಗೆದು 7 ಸೆಂ.ಮೀ. ಉದ್ದದ ಗಾಯಕ್ಕೆ ನೈಲಾನ್ ದಾರದಲ್ಲಿ 10 ಹೊಲಿಗೆ ಹಾಕಿದ್ದರು. ಶಸ್ತ್ರಚಿಕಿತ್ಸೆಯಲ್ಲಿ ಯಾವ ತೊಡಕೂ ಆಗಲಿಲ್ಲ. ತೊಡಕಾಗಿದ್ದು ಮೂರನೇ ದಿನ, ನಾಯಿ ಗಾಯ ನೆಕ್ಕದಂತೆ ಕತ್ತಿಗೆ ಹಾಕುವ ಕಾಲರ್‌ನಿಂದ. (ಪಶುಚಿಕಿತ್ಸಾಲಯಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ನಾಯಿಯ ಮೇಲೆ ಜೋಡಿಸಿ ಈ ಪ್ರಕರಣವನ್ನು ರೂಪಿಸಲಾಗಿದೆ.)

ಮೊದಲು ಗಾಯದ ಜಾಗವನ್ನು ಗಮನಿಸಬೇಕು. ಹೊಟ್ಟೆಯ ಮೇಲೆ, ಪಕ್ಕೆಯ ಮೇಲೆ ಚರ್ಮ ಸಡಿಲವಾಗಿರುತ್ತದೆ, ಎಳೆದರೆ ಬರುತ್ತದೆ. ಮಂಡಿಯ ಕೆಳಗೆ ಹಾಗಲ್ಲ. ಅಲ್ಲಿ ಚರ್ಮ ಮೂಳೆಗೂ ಸ್ನಾಯುವಿಗೂ ಬಿಗಿದು ಕೂತಿರುತ್ತದೆ. ಒಂದಿಷ್ಟು ತೆಗೆದು ಹೊಲಿದರೆ ಅಂಚುಗಳು ಎಳೆತದಲ್ಲೇ ಇರುತ್ತವೆ. ನಾಯಿ ಹೆಜ್ಜೆ ಇಟ್ಟಾಗಲೆಲ್ಲ ಕೀಲು ಮಡಚಿ ಆ ಎಳೆತ ಇನ್ನಷ್ಟು ಹೆಚ್ಚುತ್ತದೆ. ಜೊತೆಗೆ ಗ್ರೇಹೌಂಡ್ ಕಡೆಯ ನಾಯಿಗಳ ಚರ್ಮವೇ ತೆಳು. ಇಂಥ ಕಡೆ ಒಂದು ಹೊಲಿಗೆ ಹೋದರೆ ಅದರ ಭಾರ ಪಕ್ಕದ ಹೊಲಿಗೆಯ ಮೇಲೆ ಬೀಳುತ್ತದೆ, ಅದೂ ಸಡಿಲವಾಗುತ್ತದೆ.

ಹೊರಗಿನ ಹೊಲಿಗೆಗಳನ್ನು ಸಾಮಾನ್ಯವಾಗಿ 10ರಿಂದ 14 ದಿನಕ್ಕೆ ತೆಗೆಯುತ್ತಾರೆ. ಅಷ್ಟರಲ್ಲಿ ಗಾಯ ಮೇಲಿನಿಂದ ಕೂಡಿಕೊಂಡಂತೆ ಕಾಣುತ್ತದೆ, ಆದರೆ ಒಳಗಿನ ಗಟ್ಟಿತನ ಬಂದಿರುವುದಿಲ್ಲ. ಮೂರನೇ ವಾರ ಮುಗಿಯುವ ಹೊತ್ತಿಗೂ ಗಾಯದ ಬಲ ಮೊದಲಿನ ಚರ್ಮದ ಸುಮಾರು ಶೇ. 20ರಷ್ಟೇ. ಅಂದರೆ ಮೊದಲ ಎರಡು ವಾರ ಗಾಯವನ್ನು ಹಿಡಿದಿಟ್ಟಿರುವುದು ದಾರ. ಆ ದಾರವನ್ನು ಕಾಯುವುದೇ ಕಾಲರ್‌ನ ಕೆಲಸ.

ನಾಯಿ ನೆಕ್ಕಿದರೆ ಗಾಯ ಬೇಗ ಮಾಯುತ್ತದೆ ಎಂಬ ನಂಬಿಕೆ ಇನ್ನೂ ಬಲವಾಗಿದೆ. ಜೊಲ್ಲಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುವ ಲೈಸೋಜೈಮ್ ಇರುವುದು ನಿಜ. ಅದೇ ಜೊಲ್ಲಿನಲ್ಲಿ ಪಾಶ್ಚುರೆಲ್ಲಾ, ಸ್ಟೆಫೈಲೋಕಾಕಸ್‌ನಂಥ ಬ್ಯಾಕ್ಟೀರಿಯಾಗಳೂ ಇರುತ್ತವೆ. ಅದಕ್ಕಿಂತ ಮುಖ್ಯವಾಗಿ, ಪದೇ ಪದೇ ಒದ್ದೆಯಾದ ಚರ್ಮ ನೀರಿನಲ್ಲಿ ನೆನೆದ ಬೆರಳಿನಂತೆ ಬಿಳಚಿ ಮೆತ್ತಗಾಗುತ್ತದೆ, ದಾರ ಅದನ್ನು ಸೀಳಿಕೊಂಡು ಬರುತ್ತದೆ. ನೆಕ್ಕುವುದು ನೆಕ್ಕುವುದಕ್ಕೇ ನಿಲ್ಲುವುದೂ ಇಲ್ಲ. ನಾಲಿಗೆಗೆ ದಾರದ ತುದಿ ತಗುಲಿದರೆ ನಾಯಿ ಮುಂದಿನ ಸಣ್ಣ ಹಲ್ಲುಗಳಿಂದ ಅದನ್ನು ಹೇನು ಹೆಕ್ಕಿದಂತೆ ಹೆಕ್ಕುತ್ತದೆ. ಎರಡು ಹೊಲಿಗೆ ಕೀಳಲು ಅದಕ್ಕೆ ಒಂದೆರಡು ನಿಮಿಷ ಧಾರಾಳ ಸಾಕು.

ಮೊದಲ ರಾತ್ರಿ

ಚಿಕಿತ್ಸಾಲಯದಿಂದ ಹೊರಡುವಾಗ ತಲೆಯ ಸುತ್ತ ಲಾಳಿಕೆಯಂತೆ ತೆರೆದುಕೊಳ್ಳುವ ಪಾರದರ್ಶಕ ಪ್ಲಾಸ್ಟಿಕ್ ಕೋನ್ ಒಂದನ್ನು ಹಾಕಿ ಕಳಿಸಿದ್ದರು. ಲೇಬಲ್‌ನಲ್ಲಿ "30 ಸೆಂ.ಮೀ., ದೊಡ್ಡ ನಾಯಿ" ಎಂದಿತ್ತು. ಮನೆ ತಲುಪಿದ ನಾಯಿ ಬಾಗಿಲ ಚೌಕಟ್ಟಿಗೆ ಕೋನ್ ತಗುಲಿಸಿಕೊಂಡು ಅಲ್ಲೇ ನಿಂತುಬಿಟ್ಟಿತು. ನೀರಿನ ಬಟ್ಟಲಿಗೆ ಬಗ್ಗಿದರೆ ಕೋನ್‌ನ ಅಂಚು ನೆಲಕ್ಕೆ ಕುಟ್ಟಿ ಬಟ್ಟಲೇ ದೂರ ಸರಿಯಿತು. ರಾತ್ರಿ ಹನ್ನೊಂದರ ಹೊತ್ತಿಗೆ ಮನೆಯವರು ಕೋನ್ ಬಿಚ್ಚಿದರು, ನಾಯಿ ನೆಮ್ಮದಿಯಾಗಿ ಮಲಗಿತು. ಮರುದಿನ ಗಾಳಿ ತುಂಬುವ, ದಪ್ಪ ಉಂಗುರದಂಥ ಡೋನಟ್ ಕಾಲರ್ ಬಂತು.

ಅವರು ಹೀಗೆ ಮಾಡಿದ್ದನ್ನು ನಿರ್ಲಕ್ಷ್ಯ ಎನ್ನಲಾಗದು. 2020ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಸಮೀಕ್ಷೆಯಲ್ಲಿ 434 ಸಾಕುಪ್ರಾಣಿ ಮಾಲೀಕರು ಉತ್ತರ ಕೊಟ್ಟಿದ್ದರು. ಕೋನ್ ಹಾಕಿದಾಗ ತಮ್ಮ ಪ್ರಾಣಿಯ ಬದುಕು ಕಷ್ಟವಾಯಿತು ಎಂದವರು ಶೇ. 77.4. ಪ್ರಾಣಿಯ ಕಷ್ಟ ನೋಡಲಾರದೆ ಕಾಲರ್ ಬಿಚ್ಚುವುದು ಸಹಜ. ಹಾಗಾಗಿ ಕೋನ್ ಕೊಡುವವರು ಬಟ್ಟಲು ಎಲ್ಲಿಡಬೇಕು, ಮೊದಲ ರಾತ್ರಿ ಏನಾಗುತ್ತದೆ ಎಂಬುದನ್ನು ಐದು ನಿಮಿಷ ಕೂತು ಹೇಳಬೇಕು. ಅದನ್ನು ಹೇಳದೆ ಕಳಿಸಿದ ಕೋನ್ ಎಷ್ಟೇ ಒಳ್ಳೆಯದಿದ್ದರೂ ಮೂಲೆ ಸೇರುತ್ತದೆ.

ಮೂರನೇ ದಿನ ಬೆಳಗ್ಗೆ

ಡೋನಟ್ ಹಾಕಿದ ಮೇಲೆ ಎರಡು ದಿನ ನಾಯಿ ಹಾಯಾಗಿತ್ತು. ಓಡಾಡುತ್ತಿತ್ತು, ತಿನ್ನುತ್ತಿತ್ತು, ಡೋನಟ್ಟನ್ನೇ ದಿಂಬು ಮಾಡಿಕೊಂಡು ಮಲಗುತ್ತಿತ್ತು. ಮೂರನೇ ದಿನ ಬೆಳಗ್ಗೆ ನೋಡಿದರೆ ಅತಿ ಕೆಳಗಿನ ಎರಡು ಹೊಲಿಗೆಗಳಿಲ್ಲ. ಅಲ್ಲಿ ಅಂಚುಗಳು 1.2 ಸೆಂ.ಮೀ. ಬಿಟ್ಟುಕೊಂಡಿದ್ದವು, ನೀರು ಬೆರೆತ ರಕ್ತದಂಥ ರಸಿಗೆ ಜಿನುಗುತ್ತಿತ್ತು. ಉಳಿದ ಎಂಟು ಹೊಲಿಗೆ ಭದ್ರವಾಗಿದ್ದರೂ ಸುತ್ತ ಕೆಂಪೇರಿತ್ತು. ಗಾಯದ ಪಕ್ಕದ ಕೂದಲೆಲ್ಲ ಒಂದೇ ದಿಕ್ಕಿಗೆ, ಬಾಚಿ ಅಂಟಿಸಿದ ಹಾಗೆ ಮಲಗಿತ್ತು. ನಾಯಿ ರಾತ್ರಿ ಬಹಳ ಹೊತ್ತು ನೆಕ್ಕಿದೆ ಎಂಬುದಕ್ಕೆ ಇದಕ್ಕಿಂತ ಖಚಿತ ಗುರುತು ಬೇರೆ ಬೇಡ. ಹೊಲಿಗೆ ಹೋಗುವ ಮುಂಚೆಯೇ ಈ ಗುರುತು ಕಾಣಿಸಿಕೊಳ್ಳುವುದರಿಂದ, ದಿನಕ್ಕೆರಡು ಬಾರಿ ಗಾಯ ನೋಡುವಾಗ ಸುತ್ತಲಿನ ಕೂದಲನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಒದ್ದೆಯಾಗಿದ್ದರೆ ಅಥವಾ ಒಣಗಿ ಗರಿಗರಿಯಾಗಿದ್ದರೆ ಕಾಲರ್ ಸೋತಿದೆ ಎಂದೇ ಅರ್ಥ.

ಅಂಚುಗಳು ಊದಿ ಮಲಿನವಾಗಿದ್ದರಿಂದ ಪಶುವೈದ್ಯರು ಮತ್ತೆ ಹೊಲಿಯಲಿಲ್ಲ. ಬಿಟ್ಟುಕೊಂಡ ಭಾಗವನ್ನು ತೊಳೆದು ತಳದಿಂದ ತಾನಾಗಿ ತುಂಬಿಕೊಳ್ಳಲು ಬಿಟ್ಟರು. ಇದರಿಂದ ಕಾಲರ್ ಹಾಕಿಟ್ಟಿರಬೇಕಾದ ದಿನಗಳೂ ಹೆಚ್ಚಾದವು.

ಡೋನಟ್ ಯಾಕೆ ಸೋತಿತು

ಡೋನಟ್ ಕಾಲರ್ ತಡೆಯುವುದು ಕತ್ತಿನ ತಿರುವನ್ನು ಮಾತ್ರ. ಕತ್ತು ಪಕ್ಕಕ್ಕೆ ಬಾಗದಂತೆ ದಪ್ಪ ಕೊಳವೆ ಅಡ್ಡ ನಿಲ್ಲುತ್ತದೆ, ಹಾಗಾಗಿ ಬಾಯಿ ಪಕ್ಕೆಗೋ ಬೆನ್ನಿಗೋ ತಲುಪುವುದಿಲ್ಲ. ಮೂತಿ ಮಾತ್ರ ಪೂರ್ತಿ ಹೊರಗೇ ಇರುತ್ತದೆ. ಬೆನ್ನು, ಪಕ್ಕೆ ಇದ್ದಲ್ಲೇ ಇರುವ ಜಾಗಗಳು. ಬಾಯಿ ಅಲ್ಲಿಗೆ ಹೋಗಬೇಕು. ಕಾಲು ಹಾಗಲ್ಲ, ಬಾಯಿಯ ಬಳಿಗೆ ತಾನೇ ಬರುತ್ತದೆ. ಈ ನಾಯಿ ಸುರುಳಿ ಸುತ್ತಿಕೊಂಡು ಮಲಗಿದಾಗ ಮಂಡಿ ಕೆನ್ನೆಯ ಹತ್ತಿರಕ್ಕೇ ಬರುತ್ತಿತ್ತು. ಕತ್ತನ್ನು ಒಂದಿಷ್ಟೂ ತಿರುಗಿಸದೆ, ಡೋನಟ್ ಮೇಲೆ ಗದ್ದ ಊರಿ, ಅದು ಆರಾಮವಾಗಿ ಹೊಲಿಗೆ ಹೆಕ್ಕಿತ್ತು. ಡೋನಟ್‌ನ ಎಡಭಾಗದಲ್ಲಿದ್ದ ಒದ್ದೆ ಕಲೆ ಅದಕ್ಕೆ ಸಾಕ್ಷಿ.

ಡೋನಟ್ ಕೆಟ್ಟ ವಸ್ತುವೇನಲ್ಲ. ಮೂತಿ ಮೋಟಾದ, ಕತ್ತು ಗಿಡ್ಡದ ನಾಯಿಯ ಪಕ್ಕೆಯ ಗಾಯಕ್ಕೆ ಅದು ಒಪ್ಪುತ್ತದೆ. ಕಾಲು, ಪಾದ, ಬಾಲ ಹಾಗೂ ಮುಖದ ಗಾಯಕ್ಕೆ ಅದನ್ನು ಕೊಡಲೇಬಾರದು. ಉದ್ದ ಕತ್ತಿನ ನಾಯಿಯಲ್ಲಿ ಇನ್ನೊಂದು ತೊಂದರೆಯೂ ಇದೆ: ಕೊಳವೆ ಕತ್ತಿನ ಒಂದು ತುಂಡನ್ನಷ್ಟೇ ಮುಚ್ಚುತ್ತದೆ, ಉಳಿದದ್ದು ಬಾಗುತ್ತಲೇ ಇರುತ್ತದೆ.

ಮನೆಯವರು ಬಟ್ಟೆಯ ಮೆತ್ತನೆ ಕೋನ್ ಬಗ್ಗೆಯೂ ಕೇಳಿದ್ದರು. ಒಳಗೆ ಗಟ್ಟಿ ಪಟ್ಟಿ ಇಲ್ಲದ ಬಟ್ಟೆ ಕೋನ್ ಗಾಳಿಗೆ ಸಿಕ್ಕ ಕೊಡೆಯಂತೆ ಹಿಂದಕ್ಕೆ ಮಗುಚಿಕೊಳ್ಳುತ್ತದೆ. ಹಟಮಾರಿ ನಾಯಿಗಳು ಅಂಚನ್ನು ತೊಡೆಗೆ ಒತ್ತಿ ಬೇಕೆಂದೇ ಮಗುಚುತ್ತವೆ. ಮೈಮುಚ್ಚುವ ಅಂಗಿ ಮಂಡಿಯ ಕೆಳಗೆ ನಿಲ್ಲುವುದಿಲ್ಲ, ನಿಂತರೂ ಬಟ್ಟೆಯ ಮೇಲಿಂದಲೇ ನೆಕ್ಕಿ ಒದ್ದೆ ಮಾಡಿದರೆ ಒಳಗಿನ ಗಾಯ ಕಾಣದೆ ನೆನೆಯುತ್ತದೆ. ಹಾಗಾಗಿ ಗಟ್ಟಿ ಕೋನ್‌ಗೇ ಮರಳಬೇಕಾಯಿತು.

30 ಸೆಂ.ಮೀ. ಎಂಬ ಲೆಕ್ಕ

ಅದೇ ಹಳೆಯ ಕೋನ್ ಮತ್ತೆ ಹಾಕಿದರು. ನಾಯಿ ನಿಂತಿದ್ದಾಗ ಪಕ್ಕದಿಂದ ನೋಡಿದರೆ ಮೂಗಿನ ತುದಿ ಕೋನ್‌ನ ಅಂಚಿನಿಂದ ಎರಡು ಬೆರಳು ಹೊರಗಿತ್ತು. "ದೊಡ್ಡ ನಾಯಿ" ಎಂಬ ಲೇಬಲ್ ತೂಕ ನೋಡಿ ಬರೆದದ್ದು, ಮೂತಿ ನೋಡಿ ಅಲ್ಲ. ಅದಲ್ಲದೆ ಆ 30 ಸೆಂ.ಮೀ. ಅಳೆದದ್ದು ಇಳಿಜಾರಿನ ಉದ್ದಕ್ಕೆ. ಕೋನ್ ಅಗಲವಾಗಿ ತೆರೆದುಕೊಂಡಷ್ಟೂ ಅದರ ನೇರ ಆಳ ಕಡಿಮೆಯಾಗುತ್ತದೆ. ಈ ಕೋನ್‌ನ ಬಾಯಿಯ ಅಗಲ 40 ಸೆಂ.ಮೀ., ಕತ್ತಿನ ಕಡೆಯ ಅಗಲ ಸುಮಾರು 12.5. ಪ್ರತಿ ಬದಿಗೂ 14 ಸೆಂ.ಮೀ. ಹತ್ತಿರ ಹರಡಿಕೊಂಡಿದೆ. 30ರ ವರ್ಗದಿಂದ 14ರ ವರ್ಗ ಕಳೆದು ವರ್ಗಮೂಲ ತೆಗೆದರೆ ಸಿಗುವುದು ಸುಮಾರು 26.5. ಮಾಮೂಲಿ ಬೆಲ್ಟ್ ಕೂರುವ ಜಾಗದಿಂದ ಈ ನಾಯಿಯ ಮೂಗಿನ ತುದಿಗೆ 30 ಸೆಂ.ಮೀ. ಇತ್ತು. ಮೂರೂವರೆ ಸೆಂ.ಮೀ. ಮೂತಿ ಹೊರಗೆ, ಅದರ ಮುಂದೆ ನಾಲಿಗೆ ಬೇರೆ.

ಲೆಕ್ಕ ಬೇಡ ಎನ್ನುವವರು ಕೋನ್ ಸುತ್ತಿ ಮೇಜಿನ ಮೇಲೆ ಬೋರಲು ಹಾಕಿ, ಅದರ ಎತ್ತರವನ್ನು ಅಳತೆಪಟ್ಟಿಯಿಂದ ನೇರವಾಗಿ ಅಳೆದರೆ ಸಾಕು. ಸಿಗುವ ಸಂಖ್ಯೆ ಕತ್ತಿನಿಂದ ಮೂಗಿನವರೆಗಿನ ಅಳತೆಗಿಂತ ಕಡೇ ಪಕ್ಷ 3ರಿಂದ 5 ಸೆಂ.ಮೀ. ಹೆಚ್ಚಿರಬೇಕು. ಬೆಕ್ಕಿಗಾದರೆ 2ರಿಂದ 3 ಸಾಕು.

ನಾಲ್ಕನೇ ದಿನ ಇನ್ನೊಂದು ಕೊರತೆ ಬಯಲಾಯಿತು. ಮಂಚದ ಕೆಳಗೆ ನುಗ್ಗಿದ ನಾಯಿ ಹಿಂದಕ್ಕೆ ಸರಿದಾಗ ಕೋನ್ ತಲೆಯಿಂದ ಜಾರಿ ಅಲ್ಲೇ ಉಳಿಯಿತು. ಗ್ರೇಹೌಂಡ್ ಕಡೆಯ ನಾಯಿಗಳ ಹಣೆಬರಹವೇ ಇದು: ಕತ್ತು ತಲೆಯಷ್ಟೇ ದಪ್ಪ, ಕೆಲವೊಮ್ಮೆ ತಲೆಗಿಂತಲೂ ದಪ್ಪ. ಈ ನಾಯಿಯ ಅಳತೆ ಹೀಗಿತ್ತು: ಕತ್ತಿನ ನಡುವೆ ಸುತ್ತಳತೆ 38 ಸೆಂ.ಮೀ., ಕಿವಿಯ ಹಿಂಭಾಗಕ್ಕೆ ತಾಗಿದಂತೆ 34, ತಲೆಯ ಅತಿ ಅಗಲದ ಕಡೆ 37. ಕತ್ತಿನ ನಡುವೆ ಹಾಕಿ ಉಸಿರಾಟಕ್ಕೆ ಜಾಗ ಬಿಟ್ಟ ಕೋನ್‌ನ ಸುತ್ತಳತೆ 40. 37ರ ತಲೆ ಅದರಲ್ಲಿ ಸಲೀಸಾಗಿ ಹೊರಬರುತ್ತದೆ. ಬಿಗಿ ಮಾಡಿದರೆ ಉಸಿರು ಕಟ್ಟುತ್ತದೆ, ಸಡಿಲ ಬಿಟ್ಟರೆ ಜಾರುತ್ತದೆ. ಕತ್ತಿನ ನಡುವೆಯೇ ಕಟ್ಟುತ್ತಿರುವವರೆಗೆ ಇದಕ್ಕೆ ಪರಿಹಾರವಿಲ್ಲ.

ಕೊನೆಗೆ ನಿಂತ ಜೋಡಣೆ

ಕೋನ್ ಅನ್ನು ಮೇಲಕ್ಕೆ, ಕಿವಿಯ ಹಿಂದಕ್ಕೇ ತಂದು ಕಟ್ಟಿದರು. ಇದರಿಂದ ಎರಡು ಲಾಭ. ಅಲ್ಲಿಂದ ಮೂಗಿಗೆ 26 ಸೆಂ.ಮೀ. ಮಾತ್ರ, ಅಂದರೆ ಕೋನ್ ಬದಲಿಸದೆಯೇ 4 ಸೆಂ.ಮೀ. ಗಳಿಸಿದಂತಾಯಿತು. ಜೊತೆಗೆ, ಅಲ್ಲಿನ 34ರ ಕತ್ತಿಗೆ 36ರ ಸುತ್ತಳತೆಯಲ್ಲಿ ಕಟ್ಟಿದ ಕೋನ್ ಹಿಂದಕ್ಕೆ ಜಾರಿದರೂ ಎರಡು ಸೆಂ.ಮೀ.ಗಿಂತ ಆಚೆ ಹೋಗದು. ಕತ್ತು ಅಗಲವಾಗುತ್ತ ತಾನೇ ತಡೆಯುತ್ತದೆ. ಎರಡು ಬೆರಳು ಚಪ್ಪಟೆಯಾಗಿ ಒಳಗೆ ನುಸುಳಬೇಕು, ಮೂರನೆಯದು ಹೋಗಬಾರದು.

ಹಳೆಯ ಕೋನ್‌ನ ನೇರ ಆಳ 26ರ ಮೂತಿಗೆ ಇನ್ನೂ ಸಾಲದು, ಮೂಗಿನ ಮುಂದೆ ಉಳಿಯಬೇಕಾದ 3ರಿಂದ 5 ಸೆಂ.ಮೀ. ಅದರಲ್ಲಿ ಸಿಗುವುದಿಲ್ಲ. 35 ಸೆಂ.ಮೀ. ಇಳಿಜಾರಿನ, 45 ಸೆಂ.ಮೀ. ಬಾಯಿಯ ಕೋನ್ ತರಿಸಿದರು. ಅದರ ನೇರ ಆಳ ಸುಮಾರು 30.7. ಕೋನ್ ತನ್ನ ಜಾಗದಲ್ಲಿದ್ದಾಗ ಮೂಗಿನ ಮುಂದೆ 4.7 ಸೆಂ.ಮೀ., ಹಿಂದಕ್ಕೆ ಜಾರಿದಾಗಲೂ 2.7 ಸೆಂ.ಮೀ. ಉಳಿಯಿತು. ಇನ್ನೂ ದೊಡ್ಡ ಅಳತೆಯದು ಸಿಗುತ್ತಿತ್ತು. ಆದರೆ ಬಾಯಿ ಅಗಲವಾದಷ್ಟೂ ಮೆಟ್ಟಿಲಿಗೆ, ನೆಲಕ್ಕೆ ತಗುಲಿ ನಾಯಿ ಮುಗ್ಗರಿಸುತ್ತದೆ. ಗಾಯಕ್ಕೆ ಬೇಕಾದಷ್ಟಕ್ಕಿಂತ ಒಂದು ಅಳತೆ ಹೆಚ್ಚು ಹಾಕುವುದು ನಾಯಿಗೆ ಸುಮ್ಮನೆ ಕೊಡುವ ಕಷ್ಟ.

ಮುಂದಕ್ಕೆ ಜಾರದಂತೆ ತಡೆಯಲು ಎದೆಗೆ ಹಾಕುವ ಹಾರ್ನೆಸ್ ಬಳಸಿದರು. ಕೋನ್‌ನ ಬುಡದಲ್ಲಿ ಪಟ್ಟಿ ತೂರಿಸಲು ಇರುವ ಕುಣಿಕೆಗಳಲ್ಲಿ ಮೂರನ್ನು ಆರಿಸಿಕೊಂಡರು: ಒಂದು ನೆತ್ತಿಯ ಸಾಲಿನಲ್ಲಿ, ಉಳಿದೆರಡು ಎಡಬಲಗಳಲ್ಲಿ. ಪ್ರತಿಯೊಂದರಿಂದಲೂ ಗಾಜ್ (ಬ್ಯಾಂಡೇಜ್ ಬಟ್ಟೆ) ಪಟ್ಟಿಯನ್ನು ಹಾರ್ನೆಸ್‌ಗೆ ಕಟ್ಟಿದರು. ಇಲ್ಲಿ ಎಚ್ಚರ ಬೇಕು. ಪಟ್ಟಿ ಬಿಗಿಯಾಗಿದ್ದರೆ ಕೋನ್ ಅನ್ನು ಹಿಂದಕ್ಕೆ ಎಳೆದು ಮೂತಿ ಹೊರಬರುವಂತೆ ಮಾಡುತ್ತದೆ. ನಾಯಿ ತಲೆ ತಗ್ಗಿಸಿ ನೆಲ ಮೂಸುವ ಭಂಗಿಯಲ್ಲಿರುವಾಗ ಪಟ್ಟಿ ಆಗಷ್ಟೇ ಬಿಗಿಯಾಗಬೇಕು, ತಲೆ ಎತ್ತಿದಾಗ ಸಡಿಲವಾಗಿ ಜೋಲಬೇಕು. ಜೋಲುವ ಪಟ್ಟಿ ಮುಂಗಾಲು ಸಿಕ್ಕಿಕೊಳ್ಳುವಷ್ಟು ಉದ್ದವಿದ್ದರೆ ಅಪಾಯ. ಮೂರು ಬೆರಳಿಗಿಂತ ಹೆಚ್ಚು ಸಡಿಲ ಬೇಡ. ಗಂಟಲಿನ ಕೆಳಗೆ ಪಟ್ಟಿ ಕಟ್ಟಲೇಬಾರದು. ಹೊರಗೆ ಕರೆದೊಯ್ಯುವ ಹಗ್ಗವನ್ನು ಕೋನ್ ಕೂತಿರುವ ಬೆಲ್ಟಿಗೆ ಹಾಕದೆ ಹಾರ್ನೆಸ್‌ಗೇ ಹಾಕಿದರು.

ಆಮೇಲೆ ಪರೀಕ್ಷೆ. ಇದನ್ನು ಬಿಡಲೇಬಾರದು, ಮತ್ತು ನಿಂತ ನಾಯಿಯ ಮೇಲಷ್ಟೇ ಮಾಡಿದರೆ ಏನೂ ತಿಳಿಯುವುದಿಲ್ಲ. ನಾಯಿಗೆ ಇಷ್ಟದ ತಿನಿಸನ್ನು ಗಾಯದಿಂದ ಒಂದು ಗೇಣು ದೂರ ಹಿಡಿದು ಮೂತಿಯನ್ನು ಅತ್ತ ಕರೆದರು. ನಿಂತಿದ್ದಾಗ ತಲುಪಲಿಲ್ಲ. ಕುಳಿತು ಕಾಲು ಮುಂದೆ ಚಾಚಿದಾಗಲೂ ಇಲ್ಲ. ಸುರುಳಿಯಾಗಿ ಮಲಗಿದಾಗ ಕೋನ್‌ನ ಅಂಚು ತೊಡೆಗೆ ಒತ್ತಿ ಪ್ಲಾಸ್ಟಿಕ್ ಒಳಕ್ಕೆ ಬಾಗಿತು, ಮೂತಿ ಇನ್ನೇನು ಮುಟ್ಟುವಂತಿತ್ತು. ಕೋನ್‌ನ ಎರಡು ಅಂಚು ಒಂದರ ಮೇಲೊಂದು ಕೂರುವ ಜಾಗ ಎಡಕ್ಕೆ, ಅಂದರೆ ಗಾಯದ ಕಡೆಗೆ ಬರುವಂತೆ ತಿರುಗಿಸಿದಾಗ ಅಲ್ಲಿ ಎರಡು ಪದರವಾಗಿ ಬಾಗುವುದು ನಿಂತಿತು. ಆ ಜೋಡಣೆಯಲ್ಲಿ 15 ನಿಮಿಷ ಕಣ್ಣಿಟ್ಟು ನೋಡಿ ರಾತ್ರಿಗೆ ಬಿಟ್ಟರು.

ದಿನನಿತ್ಯ

20 ಸೆಂ.ಮೀ. ಅಗಲದ ಬಟ್ಟಲನ್ನು ಅಷ್ಟೇ ಅಗಲದ, 20 ಸೆಂ.ಮೀ. ಎತ್ತರದ ಡಬ್ಬಿಯ ಮೇಲೆ ಇಟ್ಟಾಗ ಕೋನ್‌ನ ಬಾಯಿ ಬಟ್ಟಲನ್ನು ಸುತ್ತುವರಿದು ಕೆಳಗಿಳಿಯಿತು, ನಾಯಿ ಮೊದಲ ಬಾರಿ ಚೆಲ್ಲದೆ ನೀರು ಕುಡಿಯಿತು. ಕೋನ್‌ಗಿಂತ ಅಗಲದ ತಟ್ಟೆ ಕೊಟ್ಟರೆ ಅಂಚು ತಟ್ಟೆಯ ಮೇಲೇ ಕೂತು ಮೂತಿ ಅನ್ನಕ್ಕೆ ಮುಟ್ಟುವುದಿಲ್ಲ. ನಾಯಿ ಊಟ ಬಿಟ್ಟಿದೆ ಎಂದು ಗಾಬರಿಯಾಗುವ ಮುನ್ನ ಬಟ್ಟಲನ್ನು ನೋಡಬೇಕು.

ಆರನೇ ದಿನ ಬಲಗಿವಿಯ ಹಿಂದೆ ಎರಡು ಸೆಂ.ಮೀ. ಅಗಲ ಚರ್ಮ ತರಚಿ ಕೆಂಪಾಗಿತ್ತು. ಕುಡಿದ ನೀರು ಕೋನ್‌ನ ಒಳಮೈಗುಂಟ ಇಳಿದು ಬುಡದಲ್ಲಿ ನಿಲ್ಲುತ್ತಿತ್ತು, ಒದ್ದೆ ಚರ್ಮವನ್ನು ಪ್ಲಾಸ್ಟಿಕ್ ಅಂಚು ಉಜ್ಜುತ್ತಿತ್ತು. ಬುಡಕ್ಕೆ ಹತ್ತಿ ಬಟ್ಟೆಯ ಪಟ್ಟಿ ಸುತ್ತಿ ಅದನ್ನು ದಿನಾ ಬದಲಿಸಿದರು, ಪ್ರತಿ ಊಟದ ನಂತರ ಕೋನ್‌ನ ಒಳಗನ್ನು ಒಣಬಟ್ಟೆಯಿಂದ ಒರೆಸಿದರು. ಎರಡು ದಿನಕ್ಕೆ ಕೆಂಪು ಇಳಿಯಿತು. ಬಟ್ಟೆ ಸುತ್ತಿದ ಮೇಲೆ ಕತ್ತಿನ ಜಾಗ ಕಿರಿದಾಗುತ್ತದೆ, ಎರಡು ಬೆರಳಿನ ಅಳತೆಯನ್ನು ಮತ್ತೆ ನೋಡಲೇಬೇಕು.

ಈ ಹೊತ್ತಿಗೆ ನವೆ ಶುರುವಾಗಿತ್ತು. ಮೊದಲ ವಾರದ ಕೊನೆಯ ದಿನಗಳಲ್ಲಿ ನೋವು ಇಳಿದು, ಹಕ್ಕಳೆ ಒಣಗಿ, ಬೋಳಿಸಿದ ಕೂದಲು ಚುಚ್ಚುತ್ತ ಮೊಳೆಯುತ್ತದೆ. ನಾಯಿ ಲವಲವಿಕೆಯಿಂದಿದೆ, ಇನ್ನು ಕೋನ್ ಬೇಡ ಎಂದು ಮನೆಯವರಿಗೆ ಅನ್ನಿಸುವುದೂ ಇದೇ ಹೊತ್ತಿಗೆ. ಹೊಲಿಗೆ ಕಳೆದುಕೊಳ್ಳುವ ಎರಡನೇ ಸರದಿ ಇದು. "ಕಣ್ಣೆದುರಿಗೇ ಇದೆಯಲ್ಲ" ಎಂದು ಬಿಚ್ಚಿ ಫೋನ್ ಎತ್ತಿಕೊಳ್ಳುವಷ್ಟರಲ್ಲಿ ಆಗಬೇಕಾದ್ದು ಆಗಿರುತ್ತದೆ. ಇಲ್ಲಿ ಕೋನ್ ಬಿಚ್ಚುತ್ತಿದ್ದದ್ದು ದಿನಕ್ಕೆ ಎರಡು ಸಲ, ಕತ್ತು ಒರೆಸಲು. ಆಗ ಒಬ್ಬರ ಕೈ ಬೆಲ್ಟಿನ ಮೇಲೇ ಇರುತ್ತಿತ್ತು.

ಗಾಯ ಬೇರೆ ಕಡೆ ಇದ್ದಿದ್ದರೆ

ಇದೇ ನಾಯಿಗೆ ಹೊಟ್ಟೆಯ ಮೇಲೆ ಹೊಲಿಗೆ ಇದ್ದಿದ್ದರೆ ಮೈಮುಚ್ಚುವ ಅಂಗಿ ಕೆಲಸಕ್ಕೆ ಬರುತ್ತಿತ್ತು. ಗಂಡುನಾಯಿಗಾದರೆ ಮೂತ್ರಕ್ಕೆ ಹೋಗುವಾಗಲೆಲ್ಲ ಹಿಂಭಾಗ ಬಿಚ್ಚಿ ಮಡಚಬೇಕು, ಇಲ್ಲದಿದ್ದರೆ ಅಂಗಿಯೇ ನೆನೆದು ಗಾಯಕ್ಕೆ ಅಂಟುತ್ತದೆ. ಕಣ್ಣಿನ ಶಸ್ತ್ರಚಿಕಿತ್ಸೆಗೆ ಗಟ್ಟಿ ಕೋನ್ ಬಿಟ್ಟು ಬೇರೆ ದಾರಿಯಿಲ್ಲ, ಏಕೆಂದರೆ ಅಲ್ಲಿ ತಡೆಯಬೇಕಾದದ್ದು ಬಾಯಿಯನ್ನಲ್ಲ, ಪಂಜವನ್ನು. ಬಾಲದ ತುದಿ ಅತಿ ಕಷ್ಟದ್ದು. ಅದು ಕಾಲಿಗಿಂತ ಸುಲಭವಾಗಿ ಬಾಯಿಗೆ ಬರುತ್ತದೆ, ಕೋನ್ ಜೊತೆಗೆ ಬ್ಯಾಂಡೇಜೂ ಬೇಕಾಗುತ್ತದೆ. ಬೆಕ್ಕುಗಳಲ್ಲಿ ಸಡಿಲ ಕಾಲರ್ ಇನ್ನೂ ಅಪಾಯ: ಮುಂಗಾಲನ್ನೋ ಕೆಳದವಡೆಯನ್ನೋ ಅದರೊಳಗೆ ತೂರಿಸಿ ಸಿಕ್ಕಿಹಾಕಿಕೊಳ್ಳುತ್ತವೆ, ಕಂಕುಳು ಕೊಯ್ದುಕೊಳ್ಳುತ್ತವೆ. ಮೊಲಗಳಿಗೆ ಕೋನ್ ಹಾಕುವ ಮುನ್ನ ಪಶುವೈದ್ಯರನ್ನು ಕೇಳಲೇಬೇಕು. ತಮ್ಮ ಮೆತ್ತನೆಯ ಹಿಕ್ಕೆಯನ್ನು ಹಿಂಬದಿಯಿಂದ ನೇರವಾಗಿ ತಿನ್ನುವುದು ಅವುಗಳ ಪೋಷಣೆಯ ಭಾಗ, ಕೋನ್ ಅದನ್ನು ತಪ್ಪಿಸುತ್ತದೆ.

ಬಿಚ್ಚಿದ್ದು

14ನೇ ದಿನ ಎಂಟು ಹೊಲಿಗೆಗಳನ್ನು ತೆಗೆದರು. ಕೆಳಗಿನ ತೆರೆದ ಭಾಗ ಅರ್ಧ ಸೆಂ.ಮೀ.ಗೆ ಇಳಿದಿತ್ತು, ತಳದಲ್ಲಿ ಗುಲಾಬಿ ಬಣ್ಣದ, ಹರಳಿನಂಥ ಹೊಸ ಮಾಂಸ ಮೇಲೆದ್ದಿತ್ತು. ಅದು ಪೂರ್ತಿ ಚರ್ಮದಿಂದ ಮುಚ್ಚುವವರೆಗೆ, 19ನೇ ದಿನದ ತನಕ, ಕೋನ್ ಉಳಿಯಿತು. ಬಿಚ್ಚಿದ್ದೂ ಒಂದೇ ಏಟಿಗೆ ಅಲ್ಲ. ಮೊದಲ ದಿನ ಹಗಲು ಒಂದು ಗಂಟೆ, ಪಕ್ಕದಲ್ಲೇ ಕೂತು. ಎರಡನೇ ದಿನ ಹಗಲೆಲ್ಲ ಬಿಟ್ಟು ರಾತ್ರಿ ಮಾತ್ರ. ನಾಯಿ ಗಾಯದ ಜಾಗವನ್ನು ಎರಡು ಸಲ ಮೂಸಿತು, ಒಮ್ಮೆ ನೆಕ್ಕಿತು, ಕರೆದಾಗ ಎದ್ದು ಬಂತು. ಮೂರನೇ ದಿನ ಬೆಳಗ್ಗೆ ಗಾಯದ ಸುತ್ತ ಚಿಗುರಿದ್ದ ಮೋಟುಗೂದಲು ಒಣಗಿ, ನೆಟ್ಟಗೆ ನಿಂತಿತ್ತು. ಅಂದು ರಾತ್ರಿ ನಾಯಿ ಕೋನ್ ಇಲ್ಲದೆ ಸುರುಳಿ ಸುತ್ತಿಕೊಂಡು ಮಲಗಿತು, ಮಂಡಿ ಕೆನ್ನೆಗೆ ತಾಗಿತ್ತು.